ಜಪಾನಿನ ‘ಆಜೀವ ಉದ್ಯೋಗ’: ಸಂಪ್ರದಾಯವೆ, ಚರಿತ್ರೆಯೆ?

ಆಧುನಿಕ ಏಷ್ಯದ ಚರಿತ್ರೆಯನ್ನಾಗಲಿ ಕೈಗಾರಿಕಾ ಸಮಾಜಶಾಸ್ತ್ರವನ್ನಾಗಲಿ ಓದುವ ನಮ್ಮ ವಿದ್ಯಾರ್ಥಿಗಳು ಜಪಾನಿನ ವಿಷಯಕ್ಕೆ ಬಂದಾಗ ಒಂದು ಸಿದ್ಧವಾಕ್ಯವನ್ನು ತಪ್ಪದೆ ಬರೆಯುತ್ತಾರೆ. ಜಪಾನಿನ ಕೆಲಸಗಾರನು ಶಾಲೆ ಬಿಟ್ಟೊಡನೆ ಒಂದು ಕಾರ್ಖಾನೆಯನ್ನು ಸೇರಿ ನಿವೃತ್ತನಾಗುವವರೆಗೆ ಅಲ್ಲಿಯೇ ಉಳಿಯುತ್ತಾನೆ. ಯಜಮಾನನು ಅವನನ್ನು ಕೈಬಿಡುವುದಿಲ್ಲ, ಅವನು ಯಜಮಾನನನ್ನು ತೊರೆಯುವುದಿಲ್ಲ. ಇದು ಜಪಾನೀಯರ ಪುರಾತನವಾದ ಕುಟುಂಬಭಾವದ ಫಲ - ಇಷ್ಟು ಆ ವಾಕ್ಯದ ಸಾರಾಂಶ. ಉತ್ತರಪತ್ರಿಕೆಗಳನ್ನು ತಿದ್ದುವಾಗ ಈ ವಾಕ್ಯಕ್ಕೆ ನಾನೂ ಹಲವು ವರ್ಷ ಅಂಕ ಕೊಟ್ಟಿದ್ದೇನೆ. ಅದರ ಪೂರ್ವಾರ್ಧವು ಕೆಲವರ ಮಟ್ಟಿಗೆ, ಕೆಲವು ದಶಕಗಳ ಮಟ್ಟಿಗೆ ನಿಜ. ಉತ್ತರಾರ್ಧವು ಚರಿತ್ರೆಯ ಪರೀಕ್ಷೆಗೆ ನಿಲ್ಲುವುದಿಲ್ಲ. ಆದರೂ ಅದು ಪಠ್ಯಪುಸ್ತಕಗಳಲ್ಲಿ ಇಷ್ಟು ಭದ್ರವಾಗಿ ನೆಲೆಸಿರುವುದೇಕೆ, ಅದನ್ನು ನಂಬುವುದರಿಂದ ನಮ್ಮ ಕಣ್ಣಿಗೆ ಏನೇನು ಮರೆಯಾಗುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದೆ.

ಈ ಮಾತಿನ ಮೂಲವನ್ನು ಹುಡುಕುತ್ತ ಹೋದರೆ ನಾವು ಮುಟ್ಟುವುದು ಅಮೆರಿಕದ ಜೇಮ್ಸ್ ಅಬೆಗ್ಲೆನ್ ಅವರು 1958ರಲ್ಲಿ ಪ್ರಕಟಿಸಿದ ‘ದಿ ಜಪಾನೀಸ್ ಫ್ಯಾಕ್ಟರಿ’ ಎಂಬ ಗ್ರಂಥವನ್ನು. ಗಾತ್ರದಲ್ಲಿ ಅದು ದೊಡ್ಡ ಪುಸ್ತಕವೇನಲ್ಲ. ಆದರೆ ಅದರ ಪ್ರಭಾವ ಬಹು ದೊಡ್ಡದು. ಕೆಲಸಗಾರನಿಗೂ ಕಾರ್ಖಾನೆಗೂ ನಡುವಣ ಸಂಬಂಧವನ್ನು ಅಬೆಗ್ಲೆನ್ ಅವರು ‘ಆಜೀವ ಬದ್ಧತೆ’ ಎಂದು ಕರೆದರು. ಜಪಾನೀ ಭಾಷೆಯಲ್ಲಿ ‘ಶೂಷಿನ್ ಕೊಯೋ’, ಎಂದರೆ ಆಜೀವ ಉದ್ಯೋಗ, ಎಂಬ ಮಾತು ಜನಬಳಕೆಗೆ ಬಂದುದೂ ಈ ಪುಸ್ತಕದ ತರುವಾಯವೇ. ಒಂದು ದೇಶದ ‘ಪುರಾತನ’ ಪದ್ಧತಿಗೆ ಆ ದೇಶದವರು ಹೆಸರಿಡಲು ವಿದೇಶೀಯನೊಬ್ಬನ ಪುಸ್ತಕಕ್ಕೆ ಕಾಯಬೇಕಾಯಿತೆಂಬುದೇ ನಮ್ಮಲ್ಲಿ ಸ್ವಲ್ಪ ಸಂಶಯವನ್ನು ಹುಟ್ಟಿಸಬೇಕಾಗಿತ್ತು.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಆ ಕಾಲದ ಅಮೆರಿಕದ ವಿದ್ವಾಂಸರಲ್ಲಿ ಬಹುಮಂದಿ, ಯಂತ್ರವು ಎಲ್ಲಿಗೆ ಹೋದರೂ ತನ್ನೊಡನೆ ಒಂದೇ ಬಗೆಯ ಸಮಾಜವನ್ನು ಕೊಂಡೊಯ್ಯುತ್ತದೆಂದೂ, ಕೈಗಾರಿಕಾ ರಾಷ್ಟ್ರಗಳೆಲ್ಲ ಕಡೆಗೆ ಒಂದನ್ನೊಂದು ಹೋಲುತ್ತವೆಂದೂ ನಂಬಿದ್ದರು. ಕ್ಲಾರ್ಕ್ ಕೆರ್ ಮತ್ತು ಅವರ ಸಹಚರರು 1960ರಲ್ಲಿ ಬರೆದ ‘ಇಂಡಸ್ಟ್ರಿಯಲಿಸಂ ಅಂಡ್ ಇಂಡಸ್ಟ್ರಿಯಲ್ ಮ್ಯಾನ್’ ಈ ಮತದ ಪ್ರಸಿದ್ಧ ಪ್ರತಿಪಾದನೆ. ಹೀಗೆ ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತಿದ್ದಾಗ ಅಬೆಗ್ಲೆನ್ ಅವರು ಕಾರ್ಖಾನೆಗಳ ಬಾಗಿಲಿಗೆ ಹೋಗಿ, ವಿಚಾರಿಸಿ, ಇಲ್ಲಿ ಸಂಬಳವು ಕೆಲಸಕ್ಕಲ್ಲ, ವಯಸ್ಸಿಗೂ ಸೇವೆಯ ಅವಧಿಗೂ ಸಲ್ಲುತ್ತಿದೆ, ಇಲ್ಲಿ ಬೇಡವಾದವನನ್ನೂ ಹೊರಗೆ ಹಾಕುತ್ತಿಲ್ಲ, ಆದರೂ ಉಕ್ಕು ತಯಾರಾಗುತ್ತಿದೆ, ಹಡಗು ನೀರಿಗಿಳಿಯುತ್ತಿದೆ ಎಂದು ವರದಿ ಮಾಡಿದರು. ಅಮೆರಿಕದ ಅಚ್ಚಿನಲ್ಲಿ ಬೀಳದೆಯೂ ಒಂದು ದೇಶವು ಕೈಗಾರಿಕಾ ರಾಷ್ಟ್ರವಾಗಬಲ್ಲುದೆಂಬ ಈ ಮಾತಿಗೆ ಧೈರ್ಯ ಬೇಕಾಗಿತ್ತು.

ದೋಷವಿರುವುದು ಅವರು ಕಂಡುದರಲ್ಲಿ ಅಲ್ಲ, ಕಂಡುದಕ್ಕೆ ಕೊಟ್ಟ ಕಾರಣದಲ್ಲಿ. ಅವರ ತರ್ಕವನ್ನು ಬಿಡಿಸಿ ನೋಡಿದರೆ ಅದು ಹೀಗಿದೆ: ಇಂದಿನ ಅಮೆರಿಕದ ಕಾರ್ಖಾನೆ ಒಂದು ಕಡೆ, ಇಂದಿನ ಜಪಾನಿನ ಕಾರ್ಖಾನೆ ಇನ್ನೊಂದು ಕಡೆ; ಎರಡಕ್ಕೂ ಯಂತ್ರ ಒಂದೇ; ಆದುದರಿಂದ ಇವುಗಳ ನಡುವೆ ಕಾಣುವ ವ್ಯತ್ಯಾಸವೆಲ್ಲ ಕೈಗಾರಿಕೆಗೆ ಹಿಂದಿನ ಊಳಿಗಮಾನ್ಯ ಜಪಾನಿನಿಂದ ಉಳಿದು ಬಂದದ್ದು. ಇಲ್ಲಿ ಎರಡು ವರ್ತಮಾನಗಳನ್ನು ಹೋಲಿಸಿ ಮೂರನೆಯದಾದ ಭೂತಕಾಲವನ್ನು ಊಹಿಸಲಾಗಿದೆ. ಆ ಭೂತಕಾಲದ ದಾಖಲೆಗಳನ್ನು ತೆರೆದು, 1900ರಲ್ಲಿ ಕೆಲಸಗಾರನು ಒಂದೇ ಕಾರ್ಖಾನೆಯಲ್ಲಿ ನಿಲ್ಲುತ್ತಿದ್ದನೆ, 1925ರಲ್ಲಿ ಯಜಮಾನನು ಅವನನ್ನು ಇಟ್ಟುಕೊಳ್ಳುತ್ತಿದ್ದನೆ ಎಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಕೈಗಾರಿಕೆ ಜಪಾನಿಗೆ ಬಂದು ಆಗಲೇ ಎಂಬತ್ತು ವರ್ಷಗಳಾಗಿದ್ದುವು. ಆ ಎಂಬತ್ತು ವರ್ಷಗಳು ಅವರ ವಾದದಲ್ಲಿ ಲೆಕ್ಕಕ್ಕೇ ಇಲ್ಲ.

ಕೋಜಿ ತೈರ ಅವರು 1970ರಲ್ಲಿ, ತರುವಾಯ ಆಂಡ್ರೂ ಗಾರ್ಡನ್ ಅವರು 1985ರಲ್ಲಿ ಆ ದಾಖಲೆಗಳನ್ನು ತೆರೆದರು. ಗಾರ್ಡನ್ ಅವರ ಗ್ರಂಥವು 1853ರಿಂದ 1955ರ ವರೆಗೆ ಹಡಗುಕಟ್ಟೆ, ಉಕ್ಕು ಮುಂತಾದ ಭಾರೀ ಕೈಗಾರಿಕೆಗಳಲ್ಲಿ ಯಜಮಾನರಿಗೂ ಕೆಲಸಗಾರರಿಗೂ ಇದ್ದ ಸಂಬಂಧದ ಚರಿತ್ರೆ. ಮೈಜಿ ಕಾಲದ ಹಡಗುಕಟ್ಟೆಗಳಲ್ಲಿ ಕೆಲಸವನ್ನು ಹಿಡಿದು ಮಾಡಿಸುತ್ತಿದ್ದವನು ಕಂಪನಿಯ ಅಧಿಕಾರಿಯಲ್ಲ, ‘ಓಯಕತ’ ಎಂಬವನು. ನಮ್ಮ ಕಡೆಯ ಮೇಸ್ತ್ರಿಯನ್ನು ನೆನೆದುಕೊಂಡರೆ ಅವನ ಚಿತ್ರ ಸುಮಾರಾಗಿ ಸಿಗುತ್ತದೆ: ತನ್ನ ಆಳುಗಳನ್ನು ತಾನೇ ಕಲೆಹಾಕುವವನು, ಕೆಲಸ ಕಲಿಸುವವನು, ಕೂಲಿಯನ್ನು ಹಂಚುವವನು, ನಡುವೆ ತನ್ನ ಪಾಲನ್ನು ಹಿಡಿದುಕೊಳ್ಳುವವನು. ಬೇರೊಂದು ಕಟ್ಟೆಯಲ್ಲಿ ಹೆಚ್ಚು ಕೂಲಿ ಸಿಕ್ಕಿದರೆ ಅವನು ತಂಡಸಮೇತ ಹೊರಟುಬಿಡುತ್ತಿದ್ದನು. ತಂಡವಿಲ್ಲದ ಕುಶಲಕರ್ಮಿಗಳೂ ಊರಿಂದೂರಿಗೆ ಸಂಚರಿಸುತ್ತಿದ್ದರು. ಅವರಿಗೆ ‘ವತಾರಿ’, ಎಂದರೆ ಅಲೆಯುವವರು, ಎಂದೇ ಹೆಸರು. ನಾಲ್ಕಾರು ಕಾರ್ಖಾನೆಗಳನ್ನು ಸುತ್ತದವನಿಗೆ ಪೂರ್ಣ ಕೆಲಸ ಬಂದಂತಲ್ಲವೆಂಬುದು ಅವರ ಭಾವನೆಯಾಗಿತ್ತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೊದಲ ಬಾರಿಗೆ ಜಪಾನನ್ನು ನೋಡಿ ಬಂದುದು 1898ರಲ್ಲಿ. ಅದು ಈ ಅಲೆಯುವ ಕೆಲಸಗಾರರ ಜಪಾನು. ಅದೇ ವರ್ಷ ಜಾರಿಗೆ ಬಂದ ಜಪಾನಿನ ಸಿವಿಲ್ ಸಂಹಿತೆಯ ಪ್ರಕಾರ, ಅವಧಿ ಗೊತ್ತುಮಾಡದ ಉದ್ಯೋಗವನ್ನು ಉಭಯಪಕ್ಷಗಳಲ್ಲಿ ಯಾರು ಬೇಕಾದರೂ ಎರಡು ವಾರಗಳ ತಿಳಿವಳಿಕೆಯ ಮೇಲೆ ಮುರಿಯಬಹುದಾಗಿತ್ತು. ಆಜೀವವೆಂಬ ಮಾತು ಕಾನೂನಿನಲ್ಲಿಯೂ ಇರಲಿಲ್ಲ, ಕಾರ್ಖಾನೆಯಲ್ಲಿಯೂ ಇರಲಿಲ್ಲ.

ಇನ್ನು ನೂಲಿನ ಮತ್ತು ರೇಷ್ಮೆಯ ಗಿರಣಿಗಳ ಮಾತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜಪಾನಿನ ಕಾರ್ಖಾನೆಗಳ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು, ಅದರಲ್ಲಿಯೂ ಹಳ್ಳಿಗಾಡಿನಿಂದ ಬಂದ ಎಳೆಯ ಹುಡುಗಿಯರು. ಜಪಾನನ್ನು ಕೈಗಾರಿಕಾ ರಾಷ್ಟ್ರವನ್ನಾಗಿ ಮಾಡಿದ ವಿದೇಶೀ ಹಣದಲ್ಲಿ ಬಹುಪಾಲು ಇವರ ಬೆರಳುಗಳಿಂದ ಬಂದುದು. ಗಿರಣಿಯ ದಲ್ಲಾಳಿಯು ತಂದೆಯ ಕೈಯಲ್ಲಿ ಮುಂಗಡ ಹಣವನ್ನಿಟ್ಟು ಮಗಳನ್ನು ಕರೆದೊಯ್ಯುತ್ತಿದ್ದನು; ಆ ಹಣ ತೀರುವವರೆಗೆ ಅವಳು ಗಿರಣಿಯ ವಸತಿಗೃಹದಲ್ಲಿರಬೇಕು. ಮುಂಗಡದ ಅರ್ಥವನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಯರು ಓಡಿಹೋಗುತ್ತಿದ್ದರು, ಓಡಿಹೋಗದಂತೆ ಗೋಡೆಗಳನ್ನು ಎತ್ತರಿಸಲಾಗುತ್ತಿತ್ತು. 1903ರಲ್ಲಿ ಸರ್ಕಾರವೇ ಪ್ರಕಟಿಸಿದ ಕಾರ್ಖಾನೆಗಳ ಸ್ಥಿತಿಗತಿಯ ವರದಿಯಲ್ಲಿ ಈ ಪಲಾಯನದ ವಿಷಯ ವಿಸ್ತಾರವಾಗಿ ಬಂದಿದೆ. ಸ್ವತಃ ಗಿರಣಿಯಲ್ಲಿ ದುಡಿದಿದ್ದ ಹೊಸೋಯಿ ವಕಿಜೋ ಎಂಬ ಯುವಕನು ಈ ಹೆಣ್ಣುಮಕ್ಕಳ ದುಃಖದ ಚರಿತ್ರೆಯನ್ನು ಬರೆದು 1925ರಲ್ಲಿ ಅಚ್ಚುಮಾಡಿಸಿ, ಅದೇ ವರ್ಷ ತೀರಿಕೊಂಡನು. ಬದ್ಧತೆಯೆಂಬ ಶಬ್ದಕ್ಕೆ ಕಟ್ಟಿಹಾಕಲ್ಪಟ್ಟ ಸ್ಥಿತಿ ಎಂಬ ಅರ್ಥವೂ ಇದೆ. ಆ ಅರ್ಥದಲ್ಲಿ ಇವರು ಬದ್ಧರೇ.

ಕುಟುಂಬಭಾವದ ಮಾತು ಮೊದಲು ಎಲ್ಲಿ ಕೇಳಿಬಂದಿತೆಂಬುದನ್ನು ಗಮನಿಸಬೇಕು. ಕಾರ್ಖಾನೆಗಳಲ್ಲಿ ಮಕ್ಕಳ ಮತ್ತು ಹೆಂಗಸರ ದುಡಿಮೆಗೆ ಮಿತಿ ಹಾಕುವ ಕಾನೂನನ್ನು ತರಬೇಕೆಂದು ಸರ್ಕಾರದ ಅಧಿಕಾರಿಗಳು 1880ರ ದಶಕದಿಂದಲೂ ಕರಡುಗಳನ್ನು ಸಿದ್ಧಪಡಿಸುತ್ತಿದ್ದರು. ಗಿರಣಿಯ ಒಡೆಯರು ಅದನ್ನು ವಿರೋಧಿಸಿ ಕೊಟ್ಟ ಉತ್ತರ ಏನೆಂದರೆ, ಜಪಾನಿನಲ್ಲಿ ಯಜಮಾನನಿಗೂ ಆಳಿಗೂ ತಂದೆಮಕ್ಕಳ ಪ್ರೀತಿಯಿದೆ, ಇದು ನಮ್ಮ ದೇಶದ ಸುಂದರವಾದ ಆಚಾರ, ಪಾಶ್ಚಾತ್ಯರ ಕಾನೂನನ್ನು ನಡುವೆ ತಂದರೆ ಈ ಪ್ರೀತಿ ಒಣಗಿಹೋಗುತ್ತದೆ ಎಂಬುದು. ಕಾನೂನು 1911ರಲ್ಲಿ ಮಂಜೂರಾಯಿತು, 1916ರಲ್ಲಿ ಜಾರಿಗೆ ಬಂದಿತು. ಹೆಂಗಸರ ರಾತ್ರಿ ಪಾಳಿಯ ನಿಷೇಧವು ಕಾರ್ಯಗತವಾಗಲು 1929ರ ವರೆಗೆ ಕಾಯಬೇಕಾಯಿತು. ಸಂಪ್ರದಾಯವು ಇಲ್ಲಿ ಕಾರ್ಖಾನೆಯ ನಡವಳಿಕೆಯ ವರ್ಣನೆಯಲ್ಲ, ಕಾನೂನನ್ನು ತಡೆಯಲು ಹೂಡಿದ ಒಂದು ವಾದ. ತಂದೆಯಂತೆ ನಡೆದುಕೊಂಡರೆಂದು ಹೆಸರಾದ ಕಾನೆಬೋ ಗಿರಣಿಯ ಮುತೋ ಸಾಂಜಿ ಅವರು ತಮ್ಮ ಕೆಲಸಗಾರರಿಗಾಗಿ ಪರಸ್ಪರ ಸಹಾಯ ನಿಧಿಯನ್ನು ಸ್ಥಾಪಿಸಿದಾಗ ಮಾದರಿಯಾಗಿ ಇಟ್ಟುಕೊಂಡುದು ಜರ್ಮನಿಯ ಕ್ರುಪ್ ಕಾರ್ಖಾನೆಯನ್ನು. ಅಬೆಗ್ಲೆನ್ ಅವರ ಪುಸ್ತಕದಲ್ಲಿ ಊಳಿಗಮಾನ್ಯ ಜಪಾನಿನ ಶೇಷವೆಂದು ಕಾಣಿಸಿಕೊಳ್ಳುವ ವಸ್ತುಗಳಲ್ಲಿ ಕೆಲವಾದರೂ ಹಡಗಿನಲ್ಲಿ ಬಂದ ಸರಕುಗಳೆಂದು ಇದರಿಂದ ತಿಳಿಯುತ್ತದೆ.

1921ರ ಬೇಸಗೆಯಲ್ಲಿ ಕೋಬೆಯ ಕವಾಸಾಕಿ ಮತ್ತು ಮಿತ್ಸುಬಿಷಿ ಹಡಗುಕಟ್ಟೆಗಳಲ್ಲಿ ನಡೆದ ಮುಷ್ಕರವು ಯುದ್ಧಪೂರ್ವದ ಜಪಾನಿನಲ್ಲಿ ಅತ್ಯಂತ ದೊಡ್ಡದು. ಅದು ಸೋತಿತು. ಸೋಲಿನ ಅನಂತರ ದೊಡ್ಡ ಕಂಪನಿಗಳು ಮೇಸ್ತ್ರಿಗಳನ್ನು ಬದಿಗೊತ್ತಿ, ಶಾಲೆಯಿಂದ ನೇರವಾಗಿ ಹುಡುಗರನ್ನು ತೆಗೆದುಕೊಂಡು ತಾವೇ ತರಬೇತು ಕೊಡತೊಡಗಿದುವು. ನಿಂತವನಿಗೆ ನಿವೃತ್ತಿಯ ಹಣವನ್ನು ಗೊತ್ತುಮಾಡಿದುವು. ಇದನ್ನೇ ಆಜೀವ ಉದ್ಯೋಗದ ಜನ್ಮಕಾಲವೆಂದು ಕೆಲವರು ಹೇಳುತ್ತಾರೆ. ಆದರೆ ವ್ಯಾಪಾರ ಕುಗ್ಗಿದಾಗ ಆ ಕಂಪನಿಗಳೇ ಸಾವಿರಗಟ್ಟಲೆ ಜನರನ್ನು ಬಿಡಿಸಿದುದನ್ನು ಗಾರ್ಡನ್ ಅವರು ತೋರಿಸಿದ್ದಾರೆ. ಕೆಲಸಗಾರರು ಮೊದಲಿಗಿಂತ ಹೆಚ್ಚಾಗಿ ನಿಂತರೆಂಬುದು ನಿಜ. ಯಜಮಾನನು ಇಟ್ಟುಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದನೆಂಬುದು ನಿಜವಲ್ಲ. ಯುದ್ಧಕಾಲದಲ್ಲಿ, 1938ರ ರಾಷ್ಟ್ರೀಯ ಸಂಚಲನ ಶಾಸನದ ತರುವಾಯ, ಕೆಲಸ ಬದಲಿಸುವುದನ್ನು ತಡೆಯುವ ಆಜ್ಞೆಗಳು ಬಂದುವು. ಕೂಲಿಯ ದರವನ್ನು ಸರ್ಕಾರ ನಿಯಂತ್ರಿಸಿತು. ಸಂಘಗಳನ್ನು ವಿಸರ್ಜಿಸಿ ಎಲ್ಲರನ್ನೂ ಕೈಗಾರಿಕಾ ದೇಶಭಕ್ತಿಯ ಮಂಡಲಿಗಳೊಳಗೆ ಸೇರಿಸಲಾಯಿತು. ಕಾರ್ಖಾನೆಯೇ ಒಂದು ಮನೆ ಎಂಬ ಘೋಷಣೆಗೆ ಸರ್ಕಾರದ ಮೊಹರು ಬಿದ್ದುದು ಆಗ.

ಎಲ್ಲಕ್ಕಿಂತ ಹೆಚ್ಚಾಗಿ ನಿಂತು ನೋಡಬೇಕಾದ ಕಾಲವೆಂದರೆ 1945ರಿಂದ 1960ರ ವರೆಗಿನ ಹದಿನೈದು ವರ್ಷಗಳು. ಯುದ್ಧದಲ್ಲಿ ಸೋತ ದೇಶ, ಸುಟ್ಟುಹೋದ ನಗರಗಳು, ದಿನದಿನಕ್ಕೂ ಏರುವ ಬೆಲೆ. 1946ರ ಮೇ 19ರಂದು ಟೋಕಿಯೋ ನಗರದಲ್ಲಿ ಜನರು ಅನ್ನಕ್ಕಾಗಿ ದೊಡ್ಡ ಮೆರವಣಿಗೆ ನಡೆಸಿದರು. 1945ರ ಡಿಸೆಂಬರಿನಲ್ಲಿ ಬಂದ ಕಾರ್ಮಿಕ ಸಂಘಗಳ ಶಾಸನದ ಅನಂತರ ಸಂಘಗಳು ಮಳೆಗಾಲದ ಅಣಬೆಗಳಂತೆ ಎದ್ದುವು; 1949ರ ಹೊತ್ತಿಗೆ ಸಂಬಳಕ್ಕಾಗಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂಘಗಳ ಸದಸ್ಯರಾಗಿದ್ದರು. ಈ ಸಂಘಗಳು ಮೊದಲು ಕೇಳಿದುದೇನು? ಸಂಬಳವನ್ನು ಕೇಳಿದುವು, ಅದರ ಜೊತೆಯಲ್ಲಿಯೇ ಮಾನವನ್ನೂ ಕೇಳಿದುವು. ಯುದ್ಧಪೂರ್ವದ ಕಾರ್ಖಾನೆಗಳಲ್ಲಿ ಕಚೇರಿಯ ನೌಕರನಿಗೂ ಕೈಕೆಲಸದವನಿಗೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಊಟದ ಮನೆ, ಬೇರೆ ಬೇರೆ ಬಗೆಯ ಸಂಬಳ. ಈ ಭೇದವನ್ನು ತೆಗೆದುಹಾಕಿ ನಮ್ಮನ್ನೂ ಸಂಸ್ಥೆಯ ಸದಸ್ಯರೆಂದು ಎಣಿಸಿರಿ ಎಂದು ಅವರು ಕೇಳಿದರು. ಒಂದೇ ಮನೆಯವರು ಎಂಬ ಯಜಮಾನರ ಹಳೆಯ ಮಾತನ್ನೇ ಹಿಡಿದು, ಮನೆಯವರಾದರೆ ಮನೆಯವರಂತೆ ನಡೆಸಿಕೊಳ್ಳಿರಿ ಎಂದು ತಿರುಗಿಸಿ ಕೇಳಿದಂತಾಯಿತು.

ಅದೇ 1946ರಲ್ಲಿ ವಿದ್ಯುಚ್ಛಕ್ತಿ ಕೆಲಸಗಾರರ ಸಂಘವು ಹೋರಾಡಿ ಪಡೆದ ಸಂಬಳದ ಕ್ರಮವು ‘ದೆನ್ಸಾನ್’ ಪದ್ಧತಿಯೆಂದು ಹೆಸರಾಗಿದೆ. ಅದರಲ್ಲಿ ಸಂಬಳದ ಬಹುಭಾಗ ನಿರ್ಧಾರವಾಗುತ್ತಿದ್ದುದು ವಯಸ್ಸು ಮತ್ತು ಕುಟುಂಬದ ತಲೆಗಳ ಲೆಕ್ಕದ ಮೇಲೆ. ಸಾಮರ್ಥ್ಯಕ್ಕೆ ಸಿಕ್ಕಿದುದು ಒಂದು ಸಣ್ಣ ಪಾಲು. ಜಪಾನಿನಲ್ಲಿ ವಯಸ್ಸಾದವನಿಗೆ ಹೆಚ್ಚು ಸಂಬಳ ಸಲ್ಲುವುದು ಕನ್‌ಫ್ಯೂಷಿಯಸನ ಬೋಧೆಯ ಫಲವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ದೆನ್ಸಾನ್ ಲೆಕ್ಕವನ್ನು ನೋಡಿದವನಿಗೆ ಅಲ್ಲಿ ಕಾಣುವುದು ಹಿರಿಯರ ಪೂಜೆಯಲ್ಲ, ಹಸಿವು. ಇಪ್ಪತ್ತರ ಹುಡುಗನಿಗೆ ಒಂದು ಹೊಟ್ಟೆ, ನಾಲ್ವತ್ತರವನಿಗೆ ಐದು ಹೊಟ್ಟೆ. ಯಜಮಾನರಿಗೆ ಈ ಕ್ರಮ ಹಿಡಿಸಿರಲಿಲ್ಲ. ಮುಂದಿನ ವರ್ಷಗಳಲ್ಲಿ ಸಾಮರ್ಥ್ಯದ ಅಳತೆಯನ್ನು ಅದರೊಳಗೆ ತೂರಿಸಲು ಅವರು ಸತತವಾಗಿ ಯತ್ನಿಸಿದರು. ಕಡೆಗೆ ಉಳಿದುದು ಎರಡರ ಮಿಶ್ರಣ. ಆ ಮಿಶ್ರಣವನ್ನೇ ಅಬೆಗ್ಲೆನ್ ಅವರು 1955-56ರಲ್ಲಿ ಕಂಡುದು. ಸಂಪ್ರದಾಯವೆಂದು ಅವರು ಬರೆದುಕೊಂಡ ವಸ್ತುವಿಗೆ ಆಗ ಹತ್ತೇ ವರ್ಷ ವಯಸ್ಸು.

ಕೆಲಸದ ಭದ್ರತೆಯ ಮಾತೂ ಹೀಗೆಯೇ. 1949ರಲ್ಲಿ ಅಮೆರಿಕದ ಸಲಹೆಯಂತೆ ಸರ್ಕಾರವು ಖರ್ಚನ್ನು ಬಿಗಿಹಿಡಿದಾಗ ರಾಷ್ಟ್ರೀಯ ರೈಲ್ವೆಯೊಂದರಲ್ಲಿಯೇ ಸುಮಾರು 95,000 ಜನರನ್ನು ತೆಗೆಯಲಾಯಿತು. 1950ರಲ್ಲಿ ಟೊಯೋಟ ಕಂಪನಿಯು ಸಾಲದಲ್ಲಿ ಮುಳುಗಿ ಸುಮಾರು 2,000 ಜನರನ್ನು ಹೊರಗೆ ಕಳುಹಿಸಿತು, ಮುಷ್ಕರವಾಯಿತು, ಅಧ್ಯಕ್ಷರಾಗಿದ್ದ ಟೊಯೋದ ಕಿಯಿಚಿರೋ ಅವರೇ ರಾಜೀನಾಮೆ ಕೊಡಬೇಕಾಯಿತು. 1953ರಲ್ಲಿ ನಿಸಾನ್ ಕಂಪನಿಯಲ್ಲಿ ದೀರ್ಘವಾದ ಮುಷ್ಕರ ಮತ್ತು ಬೀಗಮುದ್ರೆ. ಹಳೆಯ ಸಂಘ ಮುರಿದು, ಕಂಪನಿಗೆ ಅನುಕೂಲವಾದ ಎರಡನೆಯ ಸಂಘ ಹುಟ್ಟಿತು. ಈ ಸರಣಿಯ ಕೊನೆಯದು, ಅತಿ ಕಹಿಯಾದದ್ದು, ಕ್ಯೂಷು ದ್ವೀಪದ ಮಿಯಿಕೆ ಕಲ್ಲಿದ್ದಲ ಗಣಿಯದು. 1959ರ ಡಿಸೆಂಬರಿನಲ್ಲಿ ಗಣಿಯ ಮಾಲೀಕರು 1,200ಕ್ಕೂ ಹೆಚ್ಚು ಜನರ ಹೆಸರು ಹಿಡಿದು ವಜಾ ಮಾಡಿದರು. ಅವರಲ್ಲಿ ಸಂಘದ ಚಟುವಟಿಕೆಯಲ್ಲಿ ಮುಂದಾಗಿದ್ದವರು ಅನೇಕರು. 1960ರ ಬಹುಭಾಗ ಹೋರಾಟ ನಡೆದು, ರಕ್ತ ಹರಿದು, ಸಂಘ ಸೋತಿತು. ಮೂರು ವರ್ಷಗಳ ಅನಂತರ, 1963ರ ನವೆಂಬರ್ 9ರಂದು, ಅದೇ ಗಣಿಯಲ್ಲಿ ಕಲ್ಲಿದ್ದಲ ಧೂಳು ಸ್ಫೋಟಗೊಂಡು 458 ಜನ ಸತ್ತರು.

ಎಲ್ಲ ಕಡೆಗಳಲ್ಲಿಯೂ ಸೋತವು ಸಂಘಗಳೇ ಆದರೆ ಭದ್ರತೆ ಎಲ್ಲಿಂದ ಬಂದಿತು? ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಗೆದ್ದ ಯಜಮಾನರಿಗೆ ಗೆಲವಿನ ಬೆಲೆ ಏನೆಂಬುದು ತಿಳಿದಿತ್ತು. ಹೆಸರು ಹಿಡಿದು ಜನರನ್ನು ಹೊರಗೆ ಹಾಕಿದರೆ ತಿಂಗಳುಗಟ್ಟಲೆ ಯಂತ್ರಗಳು ನಿಲ್ಲುತ್ತವೆ, ಮಾರುಕಟ್ಟೆ ಪ್ರತಿಸ್ಪರ್ಧಿಯ ಪಾಲಾಗುತ್ತದೆ. ಆದುದರಿಂದ ಅವರು ಖಾಯಂ ನೌಕರರನ್ನು ಇಟ್ಟುಕೊಳ್ಳಲು ಒಪ್ಪಿದರು. ಪ್ರತಿಯಾಗಿ, ಯಾರನ್ನು ಯಾವ ಯಂತ್ರಕ್ಕೆ ಹಾಕಬೇಕು, ಯಾವ ಊರಿಗೆ ವರ್ಗ ಮಾಡಬೇಕು, ಎಷ್ಟು ಹೊತ್ತು ದುಡಿಸಬೇಕು ಎಂಬ ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. ಟೊಯೋಟದಲ್ಲಿ ಕಂಪನಿಯೂ ಸಂಘವೂ ಸೌಹಾರ್ದದ ಜಂಟಿ ಘೋಷಣೆಗೆ ಸಹಿ ಹಾಕಿದುದು 1962ರಲ್ಲಿ. ಜಪಾನೀಯರ ಸ್ವಭಾವಸಿದ್ಧವೆನ್ನಲಾಗುವ ಸೌಹಾರ್ದಕ್ಕೆ ಹೀಗೆ ತಾರೀಖೂ ಇದೆ, ಸಹಿಗಳೂ ಇವೆ. ನ್ಯಾಯಾಲಯಗಳು ಇದರ ಮೇಲೆ ತಮ್ಮ ಮುದ್ರೆಯನ್ನೊತ್ತಿದುವು: ಕಾರಣವಿಲ್ಲದ ವಜಾ ಅಧಿಕಾರದ ದುರುಪಯೋಗವೆಂದು 1975ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಆರ್ಥಿಕ ಕಾರಣದ ವಜಾಕ್ಕೆ ಇರಬೇಕಾದ ನಿಬಂಧನೆಗಳನ್ನು 1979ರಲ್ಲಿ ಟೋಕಿಯೋ ಹೈಕೋರ್ಟು ನಿರೂಪಿಸಿತು, 2003ರಲ್ಲಿ ವಜಾದ ದುರುಪಯೋಗವನ್ನು ಕುರಿತ ತತ್ತ್ವವು ಶಾಸನದಲ್ಲಿ ಸೇರಿ, 2007ರ ಕಾರ್ಮಿಕ ಕರಾರು ಶಾಸನದಲ್ಲಿ ನೆಲೆಗೊಂಡಿತು. ಎರಡು ವಾರಗಳ ತಿಳಿವಳಿಕೆಯ 1898ರಿಂದ ಇಲ್ಲಿಗೆ ಬರಲು ನೂರು ವರ್ಷಗಳ ಮೇಲೆ ಹಿಡಿಯಿತು.

ಅಬೆಗ್ಲೆನ್ ಅವರ ತರುವಾಯ ಈ ವಿಷಯದಲ್ಲಿ ಅತ್ಯಂತ ಶ್ರಮವಹಿಸಿ ಬರೆದವರು ಇಂಗ್ಲೆಂಡಿನ ರೊನಾಲ್ಡ್ ಡೋರ್. 1973ರ ಅವರ ‘ಬ್ರಿಟಿಷ್ ಫ್ಯಾಕ್ಟರಿ - ಜಪಾನೀಸ್ ಫ್ಯಾಕ್ಟರಿ’ ಎಂಬ ಗ್ರಂಥವು ಹಿತಾಚಿ ಕಂಪನಿಯ ಕಾರ್ಖಾನೆಗಳನ್ನು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯವುಗಳೊಡನೆ ಹೋಲಿಸುತ್ತದೆ. ಕೈಗಾರಿಕೆಗೆ ತಡವಾಗಿ ಕಾಲಿಟ್ಟ ದೇಶವು ಮೊದಲಿನವರ ತಪ್ಪುಗಳನ್ನು ನೋಡಿ, ದೊಡ್ಡ ಕಂಪನಿ, ಶಾಲಾಶಿಕ್ಷಣ, ಸಂಘ ಇವೆಲ್ಲವನ್ನೂ ಒಮ್ಮೆಗೇ ತಂದುಕೊಳ್ಳುವುದರಿಂದ ಅದರ ಉದ್ಯೋಗ ವ್ಯವಸ್ಥೆಯೇ ಬೇರೆ ರೂಪ ತಾಳುತ್ತದೆ ಎಂಬುದು ಅವರ ಸಿದ್ಧಾಂತ. ಸಂಪ್ರದಾಯವನ್ನು ಅವರು ಪೂರ್ತಿಯಾಗಿ ಬಿಟ್ಟಿಲ್ಲ. ಆದರೆ ಅದನ್ನು ಕಾರಣದ ಸ್ಥಾನದಿಂದ ಇಳಿಸಿ, ಯಜಮಾನರು ಆಯ್ದುಕೊಂಡ ಸಾಮಗ್ರಿಯ ಸ್ಥಾನದಲ್ಲಿರಿಸಿದ್ದಾರೆ. ಇದು ದೊಡ್ಡ ಮುನ್ನಡೆ. ಆದರೂ ಅವರ ಚಿತ್ರದಲ್ಲಿ ಎಲ್ಲವೂ ಯೋಚಿಸಿ ಕಟ್ಟಿದ ಕಟ್ಟಡದಂತೆ ಕಾಣುತ್ತದೆ. ನಿಸಾನ್ ಆಗಲಿ ಮಿಯಿಕೆ ಆಗಲಿ ಅದರ ಅಡಿಪಾಯದಲ್ಲಿ ಇದೆಯೆಂದು ಓದುಗನಿಗೆ ಅನ್ನಿಸುವುದಿಲ್ಲ. ಗಾರ್ಡನ್ ಅವರು ಈ ಕೊರತೆಯನ್ನು ತುಂಬಿದ್ದಾರೆ. ನಾನು ಕಂಡ ಮಟ್ಟಿಗೆ ಈ ಮೂವರಲ್ಲಿ ಅವರದೇ ಹೆಚ್ಚು ನಂಬಲರ್ಹವಾದ ಕಥನ.

ಗಾರ್ಡನ್ ಅವರ ಕೃತಿಗೂ ಒಂದು ಮಿತಿಯಿದೆ. ಅದು ಭಾರೀ ಕೈಗಾರಿಕೆಯ, ಆದುದರಿಂದ ಗಂಡಸರ, ಚರಿತ್ರೆ. ಗಿರಣಿಯ ಹುಡುಗಿಯರು ಅದರಲ್ಲಿ ಬರುವುದಿಲ್ಲ. ಬಂದಿದ್ದರೆ ಸದಸ್ಯತ್ವದ ಹೋರಾಟದಲ್ಲಿ ಗೆದ್ದ ಗಂಡಸು ಯಾರನ್ನು ಹೊರಗಿಟ್ಟು ಗೆದ್ದನೆಂಬ ಪ್ರಶ್ನೆಯೂ ಬರುತ್ತಿತ್ತು. ದೆನ್ಸಾನ್ ಲೆಕ್ಕದಲ್ಲಿ ಕುಟುಂಬದ ಯಜಮಾನನೆಂದರೆ ಗಂಡಸು. ಅವನ ಸಂಬಳದಲ್ಲಿ ಹೆಂಡತಿಯೂ ಒಂದು ತಲೆ. ಅವಳೇ ದುಡಿಯಹೋದರೆ, ಮದುವೆಯಾದೊಡನೆ ಕೆಲಸ ಬಿಡಬೇಕೆಂಬ ಕರಾರಿಗೆ ಅನೇಕ ಕಂಪನಿಗಳು ಸಹಿ ಹಾಕಿಸಿಕೊಳ್ಳುತ್ತಿದ್ದುವು. ಈ ಕರಾರು ನಿರರ್ಥಕವೆಂದು ಟೋಕಿಯೋ ಜಿಲ್ಲಾ ನ್ಯಾಯಾಲಯವು ಸುಮಿತೋಮೋ ಸಿಮೆಂಟ್ ಕಂಪನಿಯ ಮೊಕದ್ದಮೆಯಲ್ಲಿ ಹೇಳಿದುದು 1966ರಲ್ಲಿ. ಗಂಡಸರಿಗೊಂದು, ಹೆಂಗಸರಿಗೆ ಅದಕ್ಕಿಂತ ಮುಂಚಿನ ಇನ್ನೊಂದು ನಿವೃತ್ತಿ ವಯಸ್ಸು ಸಲ್ಲದೆಂದು ಸುಪ್ರೀಂ ಕೋರ್ಟು ಹೇಳಿದುದು 1981ರಲ್ಲಿ. ಆಜೀವ ಉದ್ಯೋಗವು ಪುರಾತನವಾದರೆ ಅರ್ಧ ಜನಕ್ಕೆ ಅದು ಎಂದೂ ಇರಲಿಲ್ಲವೇಕೆ? ಗಂಡಸಿಗಾದರೂ ಬಹುಕಾಲ ‘ಆಜೀವ’ವು 55ಕ್ಕೆ ಮುಗಿಯುತ್ತಿತ್ತು, ಮುಂದಿನ ದಿನಗಳನ್ನು ಕಡಮೆ ಸಂಬಳದ ಬೇರೆ ಕೆಲಸದಲ್ಲಿ ಕಳೆಯುವವರೇ ಹೆಚ್ಚು.

ಅದರಂತೆಯೇ ಹಂಗಾಮಿಗಳು. 1950ರ ದಶಕದಲ್ಲಿ ದೊಡ್ಡ ಕಾರ್ಖಾನೆಗಳು ಖಾಯಂ ನೌಕರರ ಪಕ್ಕದಲ್ಲಿಯೇ ಅದೇ ಕೆಲಸಕ್ಕೆ ತಾತ್ಕಾಲಿಕ ಆಳುಗಳನ್ನೂ ಹೊರಗುತ್ತಿಗೆಯವರನ್ನೂ ಇಟ್ಟುಕೊಂಡಿದ್ದುವು. ಮಾರುಕಟ್ಟೆ ಕುಗ್ಗಿದಾಗ ಮೊದಲು ಹೋಗುವವರು ಇವರು. ಇವರು ಹೋಗುವುದರಿಂದಲೇ ಅವರು ಉಳಿಯುವುದು. ಇದಲ್ಲದೆ ದೊಡ್ಡ ಕಾರ್ಖಾನೆಗೆ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳ ಲೋಕವೇ ಬೇರೆ. ಅರ್ಥಶಾಸ್ತ್ರಜ್ಞ ಅರಿಸಾವ ಹಿರೋಮಿ ಅವರು 1957ರಲ್ಲಿಯೇ ಇದನ್ನು ‘ದ್ವಿವಿಧ ರಚನೆ’ ಎಂದು ಕರೆದಿದ್ದರು. ಎಂದರೆ ಅಬೆಗ್ಲೆನ್ ಅವರ ಪುಸ್ತಕಕ್ಕೂ ಒಂದು ವರ್ಷ ಮೊದಲು. ಕಮಾತ ಸತೋಷಿ ಎಂಬ ಪತ್ರಕರ್ತರು 1972-73ರಲ್ಲಿ ಆರು ತಿಂಗಳು ಟೊಯೋಟದಲ್ಲಿ ಹಂಗಾಮಿಯಾಗಿ ದುಡಿದು ಬರೆದ ದಿನಚರಿಯನ್ನು ಓದಿದವರಿಗೆ, ಡೋರ್ ಅವರ ಹಿತಾಚಿ ಮತ್ತು ಈ ಟೊಯೋಟ ಎರಡು ಬೇರೆ ದೇಶಗಳಲ್ಲಿವೆಯೋ ಎಂಬ ಭ್ರಮೆ ಹುಟ್ಟೀತು. ಆ ದಿನಚರಿ 1982ರಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಮುನ್ನುಡಿ ಬರೆದವರು ಡೋರ್ ಅವರೇ ಎಂಬುದನ್ನು ಅವರ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಇಲ್ಲಿ ಹೇಳಬೇಕು.

ದೂರದ ದೇಶದ ಈ ವಿವಾದ ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಬೆಗ್ಲೆನ್ ಅವರ ಪುಸ್ತಕ ಬಂದ 1958ರಲ್ಲಿಯೇ ಅಮೆರಿಕದ ಇನ್ನೊಬ್ಬ ವಿದ್ವಾಂಸರಾದ ಚಾರ್ಲ್ಸ್ ಮೈಯರ್ಸ್ ಅವರು ಭಾರತದ ಕಾರ್ಮಿಕರ ಮೇಲೆ ಒಂದು ಗ್ರಂಥವನ್ನು ಹೊರತಂದರು. ಅಲ್ಲಿಯೂ ಚರ್ಚೆಯಾಗುವುದು ‘ಬದ್ಧತೆ’ಯೇ. ಭಾರತದ ಕೆಲಸಗಾರನಿಗೆ ಹಳ್ಳಿಯ ನಂಟು ಬಿಡದು, ಕಾರ್ಖಾನೆಯಲ್ಲಿ ಅವನ ಮನಸ್ಸು ಪೂರ್ತಿ ನಿಲ್ಲದು ಎಂಬ ಮಾತು ಆ ಕಾಲದ ಬರೆಹಗಳಲ್ಲಿ ಪದೇ ಪದೇ ಬರುತ್ತದೆ. ಜಾತಿ, ಅವಿಭಕ್ತ ಕುಟುಂಬ, ಕರ್ಮಸಿದ್ಧಾಂತ ಎಂದು ಕಾರಣಗಳ ಪಟ್ಟಿಯೂ ಜೊತೆಯಲ್ಲಿದೆ. ಹೀಗೆ ಜಪಾನೀಯನಿಗೆ ಸಂಸ್ಕೃತಿಯಿಂದ ಬದ್ಧತೆ ಅತಿಯಾಯಿತು, ಭಾರತೀಯನಿಗೆ ಸಂಸ್ಕೃತಿಯಿಂದಲೇ ಅದು ಸಾಲದಾಯಿತು! ಮಾರಿಸ್ ಡೇವಿಡ್ ಮಾರಿಸ್ ಅವರು 1965ರಲ್ಲಿ ಮುಂಬಯಿಯ ಹತ್ತಿಗಿರಣಿಗಳ ದಾಖಲೆಗಳನ್ನು ಪರೀಕ್ಷಿಸಿ, ಗಿರಣಿಗಳಿಗೆ ಕೆಲಸಗಾರರ ಕೊರತೆ ಎಂದೂ ಇರಲಿಲ್ಲ, ಅವರಲ್ಲಿ ಶಿಸ್ತಿಲ್ಲದಿದ್ದರೆ ಅದು ಗಿರಣಿಯ ಆಡಳಿತದ ಕ್ರಮದ ಫಲವೇ ಹೊರತು ಹಳ್ಳಿಯ ಫಲವಲ್ಲ ಎಂದು ತೋರಿಸಿದರು. ತೈರ ಅವರು ಜಪಾನಿಗೆ ಮಾಡಿದುದನ್ನ ಮಾರಿಸ್ ಅವರು ಭಾರತಕ್ಕೆ ಐದು ವರ್ಷ ಮೊದಲೇ ಮಾಡಿದ್ದರು. ಈ ಎರಡು ಪುಸ್ತಕಗಳನ್ನು ನಮ್ಮ ತರಗತಿಗಳಲ್ಲಿ ಒಟ್ಟಿಗೆ ಇಟ್ಟು ಓದಿಸುವ ಪರಿಪಾಠವಿಲ್ಲ. ಒಂದು ‘ಪೂರ್ವ ಏಷ್ಯ’ಕ್ಕೆ, ಇನ್ನೊಂದು ‘ಭಾರತದ ಆರ್ಥಿಕ ಚರಿತ್ರೆ’ಗೆ ಸೇರಿದೆ.

ಜಪಾನಿನ ಮಾನವಶಾಸ್ತ್ರಜ್ಞೆ ನಕಾನೆ ಚಿಯೆ ಅವರು ಭಾರತದಲ್ಲಿ ಕ್ಷೇತ್ರಕಾರ್ಯ ಮಾಡಿದವರು. 1967ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅವರು, ಭಾರತೀಯನು ತಾನು ಯಾರೆಂಬುದನ್ನು ಜಾತಿಯಂಥ ಗುಣದಿಂದ ಹೇಳಿಕೊಂಡರೆ ಜಪಾನೀಯನು ತಾನು ಸೇರಿದ ಸಂಸ್ಥೆಯಿಂದ ಹೇಳಿಕೊಳ್ಳುತ್ತಾನೆ ಎಂದು ಭೇದ ಮಾಡುತ್ತಾರೆ. ಸೂಕ್ಷ್ಮವಾದ ಅವಲೋಕನ. ಆದರೆ 1898ರ ಅಲೆಯುವ ಕಮ್ಮಾರನು ತನ್ನ ಕಸುಬಿನಿಂದಲೇ ತನ್ನನ್ನು ಹೇಳಿಕೊಳ್ಳುತ್ತಿದ್ದನು. ಯಾವ ವರ್ಷದ ಜಪಾನೀಯನ ಮಾತನ್ನು ಆಡುತ್ತಿದ್ದೇವೆಂಬ ಪ್ರಶ್ನೆಯನ್ನು ನಕಾನೆ ಅವರಿಗೂ ಕೇಳಬೇಕಾಗುತ್ತದೆ.

ಸಂಸ್ಕೃತಿಯ ವಾದಕ್ಕೆ ಇನ್ನೊಂದು ತೊಡಕಿದೆ. ಅಬೆಗ್ಲೆನ್ ಅವರು 1958ರಲ್ಲಿ ಈ ಪದ್ಧತಿಯನ್ನು ಉತ್ಪಾದನೆಗೆ ತೊಡಕಾಗಿಯೇ ಕಂಡಿದ್ದರು. 1970ರ ದಶಕದಲ್ಲಿ ಜಪಾನಿನ ಮೋಟಾರುಗಳು ಲೋಕವನ್ನೆಲ್ಲ ತುಂಬಿದಾಗ ಅದೇ ಪದ್ಧತಿ ಏಳಿಗೆಯ ರಹಸ್ಯವಾಯಿತು. 1990ರ ತರುವಾಯ ಆರ್ಥಿಕ ಜಡತೆ ಬಂದಾಗ ಅದೇ ಮತ್ತೆ ಪ್ರಗತಿಗೆ ಅಡ್ಡಿಯಾಯಿತು. ಒಂದೇ ಕಾರಣದಿಂದ ಬೀಳುವುದನ್ನೂ ಏಳುವುದನ್ನೂ ಮತ್ತೆ ಬೀಳುವುದನ್ನೂ ವಿವರಿಸಬಹುದಾದರೆ ಅದು ಏನನ್ನೂ ವಿವರಿಸುತ್ತಿಲ್ಲವೆಂದೇ ಅರ್ಥ.

ಯಜಮಾನರು ಮಾತ್ರ ಇದನ್ನು ಎಂದೂ ಸಂಸ್ಕೃತಿಯೆಂದು ನಂಬಿ ಕೂತವರಲ್ಲ. 1995ರಲ್ಲಿ ಅವರ ಒಕ್ಕೂಟವಾದ ನಿಕ್ಕೈರೆನ್ ಒಂದು ವರದಿಯನ್ನು ಪ್ರಕಟಿಸಿ, ನೌಕರರನ್ನು ಮೂರು ವರ್ಗಗಳಾಗಿ ವಿಂಗಡಿಸಬೇಕೆಂದೂ, ದೀರ್ಘಕಾಲದ ಉದ್ಯೋಗ ಒಂದು ವರ್ಗಕ್ಕೆ ಸಾಕೆಂದೂ ಹೇಳಿತು. ಖಾಯಂ ಅಲ್ಲದ ನೌಕರರು 1990ರಲ್ಲಿ ಹತ್ತರಲ್ಲಿ ಇಬ್ಬರಿದ್ದರು. 2019ರ ಹೊತ್ತಿಗೆ ಸುಮಾರು ನಾಲ್ವರಾದರು. 2008ರ ಕೊನೆಯಲ್ಲಿ ಕಾರ್ಖಾನೆಗಳಿಂದಲೂ ಅವುಗಳ ವಸತಿಗಳಿಂದಲೂ ಹೊರಬಿದ್ದ ಹಂಗಾಮಿಗಳು ಟೋಕಿಯೋ ನಗರದ ಹಿಬಿಯ ಉದ್ಯಾನದಲ್ಲಿ, ಸರ್ಕಾರದ ಕಾರ್ಮಿಕ ಇಲಾಖೆಯ ಎದುರಿಗೇ, ಗುಡಾರಗಳಲ್ಲಿ ಹೊಸ ವರ್ಷವನ್ನು ಕಳೆದರು. ಅಬೆಗ್ಲೆನ್ ಅವರು ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಜಪಾನಿನ ಪ್ರಜೆಯಾಗಿಯೇ ತೀರಿಕೊಂಡಿದ್ದರು. 2006ರ ಅವರ ಪುಸ್ತಕದ ಉಪಶೀರ್ಷಿಕೆಯಲ್ಲಿಯೂ ‘ಬಾಳುವ ಮೌಲ್ಯಗಳು’ ಎಂಬ ಮಾತಿದೆ.

ಟೋಕಿಯೋ ನಗರದ ಭೂಗತ ರೈಲು ನಿಲ್ದಾಣಗಳ ಅಂಗಡಿಗಳಲ್ಲಿ ಪತ್ರಿಕೆ, ತಿಂಡಿ ಮಾರುತ್ತಿದ್ದ ಕೆಲವು ಹೆಂಗಸರು ಕರಾರು ನೌಕರರು. ಕರಾರನ್ನು ಮತ್ತೆ ಮತ್ತೆ ನವೀಕರಿಸಿಕೊಂಡು ಹತ್ತು ವರ್ಷಗಳ ಕಾಲ ದುಡಿದವರೂ ಅವರಲ್ಲಿದ್ದರು. ಪಕ್ಕದಲ್ಲಿ ಅದೇ ಬಗೆಯ ಕೆಲಸ ಮಾಡುತ್ತಿದ್ದ ಖಾಯಂ ನೌಕರರಿಗೆ ನಿವೃತ್ತಿಯ ಹಣವಿತ್ತು, ಇವರಿಗಿರಲಿಲ್ಲ. ಇವರು ನ್ಯಾಯಾಲಯಕ್ಕೆ ಹೋದರು. ಟೋಕಿಯೋ ಹೈಕೋರ್ಟು ಖಾಯಂ ನೌಕರರಿಗೆ ಸಲ್ಲುವುದರ ನಾಲ್ಕನೆಯ ಒಂದು ಭಾಗವನ್ನಾದರೂ ಕೊಡಬೇಕೆಂದಿತು. ನಿವೃತ್ತಿಯ ಹಣದ ಉದ್ದೇಶವು ಖಾಯಂ ನೌಕರರನ್ನು ದೊರಕಿಸಿಕೊಂಡು ಉಳಿಸಿಕೊಳ್ಳುವುದು ಎಂಬ ಕಾರಣದ ಮೇಲೆ 2020ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟು ಆ ನಾಲ್ಕನೆಯ ಭಾಗವನ್ನೂ ತಳ್ಳಿಹಾಕಿತು.